ಬಿಗಿನರ್ಸ್ ಯೋಗ ವಿಡಿಯೊ ಹತ್ತೇ ನಿಮಿಷಕ್ಕೆ ಸುಸ್ತು ಮಾಡಿಸಿದರೆ

ಪ್ರಶ್ನೆ: ನನಗೆ 46 ವರ್ಷ. ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಟೀಚರ್. ಬಿಪಿಗೆ ದಿನಾ ಒಂದು ಮಾತ್ರೆ ತಗೊಳ್ತೀನಿ, ಬೇರೆ ತೊಂದರೆ ಇಲ್ಲ. ಬೆಂಗಳೂರಿನಲ್ಲಿರೋ ಮಗಳು ಅರ್ಧ ಗಂಟೆಯ ಯೋಗ ವಿಡಿಯೊ ಕಳಿಸಿ, ಇದು ಬಿಗಿನರ್ಸ್‌ಗೇ ಅಂತ ಮಾಡಿರೋದು, ಮನೇಲೇ ಮಾಡಮ್ಮ ಅಂದಳು. ಹತ್ತು ನಿಮಿಷಕ್ಕೇ ಏದುಸಿರು ಬಂತು. ಕೈ ಊರಿ ಸೊಂಟ ಮೇಲೆತ್ತುವ ಆಸನದಲ್ಲಿ ಮಣಿಕಟ್ಟು ನೋಯುತ್ತೆ. ಬಗ್ಗಿದರೆ ಕೈ ಮಂಡಿಯಿಂದ ಕೆಳಗೆ ಹೋಗಲ್ಲ. ಮಾರನೇ ದಿನ ತೊಡೆ ಹಿಂಭಾಗ ಎಷ್ಟು ನೋವಾಯ್ತು ಅಂದರೆ ಸ್ಕೂಲಿನ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ನನ್ನ ಮೈ ಯೋಗಕ್ಕೆ ಆಗಿಬರಲ್ವಾ? ಗುರು ಇಲ್ಲದೆ ಯೋಗ ಮಾಡಬಾರದು ಅಂತಾರೆ ನಮ್ಮ ಯಜಮಾನರು. ಕ್ಲಾಸಿಗೇ ಹೋಗಬೇಕಾ, ವಿಡಿಯೊ ಸಾಕಾ? ಇದರಿಂದ ತೂಕ ಇಳಿಯುತ್ತಾ?

ಉತ್ತರ: ನಿಮ್ಮ ಮೈ ಯೋಗಕ್ಕೆ ಚೆನ್ನಾಗಿಯೇ ಆಗಿಬರುತ್ತೆ. ಆ ವಿಡಿಯೊದ ವೇಗ ನಿಮಗೆ ಆಗಿಬಂದಿಲ್ಲ, ಅಷ್ಟೇ.

ಮೈಸೂರಿನಲ್ಲಿ ನನ್ನ ಹತ್ತಿರ ಕಲಿಯೋಕೆ ಬರುವವರು ಇಂಥ ವಿಡಿಯೊಗಳನ್ನು ತೋರಿಸುತ್ತಲೇ ಇರುತ್ತಾರೆ. ಬಹುಪಾಲು ಒಂದೇ ಅಚ್ಚಿನವು. ಎರಡು ನಿಮಿಷ ಕೂತು ಕಣ್ಣು ಮುಚ್ಚೋದು, ಕತ್ತು ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ತಿರುಗಿಸೋದು, ಅಲ್ಲಿಗೆ ಮೈ ಬಿಸಿ ಮಾಡೋದು ಮುಗೀತು. ಆಮೇಲೆ ನೇರವಾಗಿ ಸೂರ್ಯ ನಮಸ್ಕಾರ, ಇಲ್ಲವೇ ಅದರದೇ ತುಂಡುಗಳು. ಬಗ್ಗಿ, ಒಂದು ಕಾಲು ಹಿಂದಕ್ಕೆ, ಇನ್ನೊಂದು ಕಾಲು ಹಿಂದಕ್ಕೆ, ಕೆಳಗಿಳಿ, ಎದೆ ಎತ್ತು, ಸೊಂಟ ಎತ್ತು, ಮತ್ತೆ ಕಾಲು ಮುಂದಕ್ಕೆ. ಅವರ ಲೆಕ್ಕದಲ್ಲಿ ಬಿಗಿನರ್ ಅಂದರೆ ಇನ್ನೂ ಶೀರ್ಷಾಸನ ಬಾರದವರು. ನಿಮ್ಮ ವಿಷಯದಲ್ಲಿ ಬಿಗಿನರ್ ಅಂದರೆ ಹುಡುಗಿಯಾಗಿದ್ದಾಗಿನಿಂದ ಇವತ್ತಿನವರೆಗೆ ನೆಲಕ್ಕೆ ಅಂಗೈ ಊರಿ ಮೈಭಾರ ಹೊರದೇ ಇದ್ದವರು. ಇವೆರಡರ ನಡುವೆ ತುಂಬಾ ಅಂತರ ಇದೆ ಅಲ್ವಾ?

ವಿಡಿಯೊದಲ್ಲಿರುವ ಹುಡುಗಿ ಒಂದು ಉಸಿರಿಗೆ ಒಂದು ಚಲನೆ ಮಾಡುತ್ತಾಳೆ. ಕೈ ಎಲ್ಲಿಡಬೇಕು, ಯಾವ ಕಾಲು ಮೊದಲು ಅಂತ ಅವಳು ಯೋಚನೆ ಮಾಡಬೇಕಾಗಿಲ್ಲ. ನೀವು ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಕತ್ತೆತ್ತಿ ನೋಡಬೇಕು, ಅದು ಅವಳ ಎಡಗಾಲಾ ನನ್ನ ಎಡಗಾಲಾ ಅಂತ ತಿಳ್ಕೋಬೇಕು, ಆಮೇಲೆ ಮಾಡಬೇಕು, ಅಷ್ಟು ಹೊತ್ತಿಗೆ ಅವಳು ಮುಂದಿನ ಆಸನಕ್ಕೆ ಹೋಗಿಬಿಟ್ಟಿರುತ್ತಾಳೆ. ಹಿಂದೆ ಬಿದ್ದೆ ಅಂತ ನೀವು ಅವಸರ ಮಾಡುತ್ತೀರಿ. ಅವಸರದಲ್ಲಿ ಉಸಿರು ಬಿಗಿ ಹಿಡಿಯುತ್ತೀರಿ. ಏದುಸಿರು ಬಂದಿದ್ದು ಅದಕ್ಕೇ. ಯೋಗದಲ್ಲಿ ಮನೆಯಲ್ಲಿ ಪೆಟ್ಟು ಮಾಡಿಕೊಂಡು ಬರುವವರನ್ನು ಕೇಳಿ ನೋಡಿದರೆ, ಆಸನದಲ್ಲಿ ಸುಮ್ನೆ ನಿಂತಾಗ ಆದ ನೋವು ಕಮ್ಮಿ. ಒಂದರಿಂದ ಇನ್ನೊಂದಕ್ಕೆ ಹಾರುವಾಗ ಆದದ್ದೇ ಜಾಸ್ತಿ.

ಈಗ ನಿಮ್ಮ ಎರಡು ನೋವಿನ ವಿಷಯ. ಮಣಿಕಟ್ಟು ಒಂದು ಕಡೆ, ತೊಡೆ ಹಿಂಭಾಗ ಇನ್ನೊಂದು ಕಡೆ ಅಂತ ನೀವು ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಅನ್ನಿಸೋ ಪ್ರಕಾರ ಎರಡಕ್ಕೂ ಬೇರು ಒಂದೇ.

ಕೈ ಊರಿ ಸೊಂಟ ಎತ್ತುವುದು ಅಧೋಮುಖ ಶ್ವಾನಾಸನ. ತೊಡೆ ಹಿಂದಿನ ಸ್ನಾಯುಗಳು ಮೇಲೆ ನಾವು ಕೂರುವ ಮೂಳೆಗೆ ಅಂಟಿಕೊಂಡಿರುತ್ತವೆ, ಕೆಳಗೆ ಮಂಡಿ ದಾಟಿ ಕೆಳಗಾಲಿನ ಮೂಳೆಗೆ ಸೇರುತ್ತವೆ. ದಿನವೆಲ್ಲ ಕ್ಲಾಸಿನಲ್ಲಿ ನಿಂತು, ಮಿಕ್ಕ ಹೊತ್ತು ಕುರ್ಚಿಯಲ್ಲಿ ಕೂತರೆ ಈ ಸ್ನಾಯು ಉದ್ದಕ್ಕೆ ಹಿಗ್ಗುವ ಪ್ರಸಂಗವೇ ಬರಲ್ಲ. ಅಂಥವರು ವಿಡಿಯೊ ನೋಡಿ ಮಂಡಿ ನೇರ ಮಾಡಿ, ಹಿಮ್ಮಡಿ ನೆಲಕ್ಕೆ ಒತ್ತೋಕೆ ಹೋದರೆ ಆ ಬಿಗಿಯಾದ ಸ್ನಾಯು ಸೊಂಟವನ್ನು ಕೆಳಕ್ಕೆ ಎಳೆಯುತ್ತೆ. ಸೊಂಟ ಮೇಲೇಳಲ್ಲ, ಬೆನ್ನು ಗೂನಾಗುತ್ತೆ, ಮೈಭಾರ ಎಲ್ಲ ಕೈ ಮೇಲೆ ಬಂದು ಕೂರುತ್ತೆ. ಅದೂ ಅಂಗೈಯ ಬುಡದ ಮೇಲೆ, ಕಿರುಬೆರಳಿನ ಕಡೆಗೆ. ಮಣಿಕಟ್ಟು ಬಗ್ಗಿದ ಸ್ಥಿತಿಯಲ್ಲಿ ಅಷ್ಟು ಭಾರ ಹೊತ್ತು ಅಭ್ಯಾಸ ಇಲ್ಲ, ನೋಯುತ್ತೆ. ಅಂದರೆ ಮಣಿಕಟ್ಟಿನ ನೋವಿಗೆ ಮದ್ದು ಮಂಡಿಯಲ್ಲಿದೆ. ಎರಡೂ ಮಂಡಿ ಧಾರಾಳವಾಗಿ ಬಗ್ಗಿಸಿ, ಹಿಮ್ಮಡಿ ಮೇಲೆದ್ದೇ ಇರಲಿ, ಆಗ ಸೊಂಟ ಹಿಂದಕ್ಕೂ ಮೇಲಕ್ಕೂ ಹೋಗುತ್ತೆ, ಭಾರ ಕಾಲಿಗೆ ಇಳಿಯುತ್ತೆ. ಬೆರಳು ಅಗಲಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ಬುಡವನ್ನು ನೆಲಕ್ಕೆ ಒತ್ತಿ. ಮಂಡಿ ಬಗ್ಗಿಸಿದರೆ ಆಸನ ತಪ್ಪಾಯ್ತು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕ್ಕೋಬೇಡಿ.

ಆದರೆ ಸದ್ಯಕ್ಕೆ ಅದನ್ನೂ ಬಿಡಿ. ಅದರ ಬದಲು ಅಡುಗೆಮನೆ ಕಟ್ಟೆ ಹತ್ತಿರ ಹೋಗಿ. ಕಟ್ಟೆ ಒರೆಸಿ ಒಣಗಿರಲಿ, ಒಲೆ ಆರಿಸಿರಲಿ. ಎರಡೂ ಅಂಗೈಯನ್ನು ಭುಜದಷ್ಟು ಅಗಲಕ್ಕೆ ಕಟ್ಟೆಯ ಅಂಚಿನ ಮೇಲಿಡಿ. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಬನ್ನಿ, ಸೊಂಟದ ಕೀಲಿನಿಂದ ಬಗ್ಗುತ್ತಾ ಬನ್ನಿ, ಕಿವಿ ತೋಳಿನ ಮಟ್ಟಕ್ಕೆ ಬರುವವರೆಗೆ. ಮಂಡಿ ಸ್ವಲ್ಪ ಸಡಿಲ. ಪಾದ ಸೊಂಟದ ನೇರ ಕೆಳಗೆ. ಈಗ ಕೂರುವ ಮೂಳೆಗಳನ್ನು ಹಿಂದಿನ ಗೋಡೆ ಕಡೆಗೆ ತಳ್ಳಿ. ತೊಡೆ ಹಿಂದೆ ಹಿತವಾಗಿ ಎಳೆದ ಹಾಗಾಗುತ್ತೆ, ಪಕ್ಕೆ ಎರಡೂ ಉದ್ದವಾಗುತ್ತೆ, ಮಣಿಕಟ್ಟಿಗೆ ಏನೂ ಭಾರವೇ ಇರಲ್ಲ, ತಲೆಯೂ ಎದೆಗಿಂತ ಕೆಳಗೆ ಹೋಗಲ್ಲ. ಐದಾರು ಉಸಿರು ಹಾಗೇ ಇದ್ದು, ಹೆಜ್ಜೆ ಮುಂದಿಟ್ಟುಕೊಂಡು ನಿಧಾನಕ್ಕೆ ಎದ್ದು ನಿಲ್ಲಿ. ನೆಲದ ಮೇಲಿನ ಆಸನದಲ್ಲಿ ನಿಮಗೆ ಸಿಗಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಲ್ಲೇ ಸಿಗುತ್ತೆ. ಬಿಪಿ ಇರುವವರಿಗೆ ನಾನು ಮೊದಲು ಕಲಿಸೋದೂ ಇದನ್ನೇ. ಹಾಲು ಕಾಯೋಕೆ ಇಟ್ಟು ಮಾಡೋಣ ಅಂತ ಮಾತ್ರ ಹೋಗಬೇಡಿ, ಉಕ್ಕುತ್ತೆ!

ಮಾರನೇ ದಿನದ ನೋವಿಗೆ ಹೆದರಬೇಕಾ ಅಂದರೆ, ನೋವು ಎಲ್ಲಿ, ಎಂಥದ್ದು ಅಂತ ನೋಡಬೇಕು. ತೊಡೆಯ ನಡುಭಾಗದಲ್ಲಿ ಹರಡಿಕೊಂಡ ಮಂದ ನೋವು, ಮುಟ್ಟಿದರೆ ಮಿದುಮಿದು, ಎರಡೂ ಕಾಲಿಗೆ ಹೆಚ್ಚುಕಮ್ಮಿ ಒಂದೇ ಥರ ಇದ್ದರೆ ಅದು ಅಭ್ಯಾಸವಿಲ್ಲದ ಸ್ನಾಯು ಕೆಲಸ ಮಾಡಿದ್ದರ ನೋವು. ಒಂದೆರಡು ದಿನದಲ್ಲಿ ಜಾಸ್ತಿಯಾಗಿ ಆಮೇಲೆ ತಾನೇ ಇಳಿಯುತ್ತೆ. ಆ ದಿನಗಳಲ್ಲಿ ಸುಮ್ನೆ ಓಡಾಡಿ, ಎಳೆಯೋಕೆ ಹೋಗಬೇಡಿ. ನೋವು ಸರಿಯಾಗಿ ಕೂರುವ ಮೂಳೆಯ ಹತ್ತಿರವೇ ಒಂದು ಬಿಂದುವಿನಲ್ಲಿ ಚುಚ್ಚಿದ ಹಾಗಿದ್ದರೆ, ಕೂತಾಗಲೂ ನೋಯುತ್ತಿದ್ದರೆ, ಅದು ಸ್ನಾಯು ಮೂಳೆಗೆ ಸೇರುವ ಜಾಗ ಜಗ್ಗಿದ್ದು. ಅದು ಬೇಗ ವಾಸಿಯಾಗಲ್ಲ. ಬಗ್ಗುವ ಆಸನಗಳನ್ನು ಪೂರ್ತಿ ನಿಲ್ಲಿಸಬೇಕು. ಇನ್ನು ಸೊಂಟದಿಂದ ಕಾಲಿನ ಉದ್ದಕ್ಕೂ ಕರೆಂಟು ಹೊಡೆದ ಹಾಗೆ ಇಳಿದರೆ, ಪಾದ ಜೋಮು ಹಿಡಿದರೆ, ಯೋಗದವರ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ. ನೀವು ಬರೆದ ರೀತಿ ನೋಡಿದರೆ ನಿಮ್ಮದು ಮೊದಲನೇ ಥರದ್ದು ಅನ್ನಿಸುತ್ತೆ. ಆದರೂ ಒಂದು ಸಲ ಮುಟ್ಟಿ ನೋಡಿಕೊಳ್ಳಿ.

ಯಜಮಾನರ ಮಾತಿಗೆ ಬರೋಣ. ಗುರು ಇಲ್ಲದೆ ಯೋಗ ಬೇಡ ಅನ್ನೋದರಲ್ಲಿ ಅರ್ಧ ಸತ್ಯ ಇದೆ, ಮತ್ತು ಆ ಅರ್ಧ ನಮ್ಮ ಮೈಸೂರಿನಲ್ಲೇ ಚೆನ್ನಾಗಿ ಕಾಣುತ್ತೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಕಲಿಸುತ್ತಿದ್ದವರು ತಿರುಮಲೈ ಕೃಷ್ಣಮಾಚಾರ್ಯರು. ಅವರ ಹತ್ತಿರ ಕಲಿತ ಪಟ್ಟಾಭಿ ಜೋಯಿಸರು ಹಾಸನ ಜಿಲ್ಲೆಯ ಕೌಶಿಕದವರು, ಲಕ್ಷ್ಮೀಪುರಂನಲ್ಲಿ ದಶಕಗಟ್ಟಲೆ ಕಲಿಸಿ ಆಮೇಲೆ ಗೋಕುಲಂಗೆ ಹೋದರು. ಇವತ್ತು ಗೋಕುಲಂನ ರಸ್ತೆಗಳಲ್ಲಿ ಮ್ಯಾಟ್ ಹೆಗಲಿಗೆ ಹಾಕಿಕೊಂಡು ಸ್ಕೂಟರ್‌ನಲ್ಲಿ ಓಡಾಡುವ ವಿದೇಶಿಯರನ್ನು ನೀವೂ ನೋಡಿರಬಹುದು. ಹೊರದೇಶದಲ್ಲಿ ‘ಮೈಸೂರು ಸ್ಟೈಲ್’ ಕ್ಲಾಸ್ ಅಂತ ಬೋರ್ಡು ಹಾಕುತ್ತಾರೆ. ಅಲ್ಲಿ ಮುಂದೆ ನಿಂತು ಇಡೀ ಕೋಣೆಗೆ ಒಂದೇ ಎಣಿಕೆ ಹೇಳುವ ಪದ್ಧತಿ ಇರಲ್ಲ. ಕೋಣೆಯಲ್ಲಿ ಎಲ್ಲರೂ ಇದ್ದರೂ ಒಬ್ಬೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ, ಮೇಷ್ಟ್ರು ಸುತ್ತ ಓಡಾಡುತ್ತಾ ಒಬ್ಬೊಬ್ಬರನ್ನೇ ನೋಡುತ್ತಾರೆ, ಒಂದು ಆಸನ ಕೂತ ಮೇಲೆಯೇ ಮುಂದಿನದು ಹೇಳಿಕೊಡುತ್ತಾರೆ. ಹೊಸಬರು ಹತ್ತು ಹದಿನೈದು ನಿಮಿಷ ಮಾಡಿ, ಮಲಗಿ, ಎದ್ದು ಮನೆಗೆ ಹೋದರೂ ಯಾರೂ ಏನೂ ಅನ್ನಲ್ಲ. ಜೋಯಿಸರ ಆಸನಕ್ರಮ ಕಷ್ಟದ್ದು, ನಿಮಗೆ ಅದನ್ನು ಮಾಡಿ ಅಂತ ನಾನು ಹೇಳುತ್ತಿಲ್ಲ. ಆ ಕಲಿಸುವ ಕ್ರಮ ಮಾತ್ರ ತಗೊಳ್ಳಿ.

ವಿಡಿಯೊ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ನೀವು ಕಾಣಲ್ಲ. ನಿಮ್ಮ ಉಸಿರು ಕೇಳಲ್ಲ. ಹಾಗಂತ ಎಸೆಯಬೇಕಾಗಿಲ್ಲ, ಅದನ್ನು ಮೇಷ್ಟ್ರು ಅಂದುಕೊಳ್ಳೋದು ಬಿಟ್ಟು ಚಿತ್ರ ಇರುವ ಪಠ್ಯಪುಸ್ತಕ ಅಂದುಕೊಳ್ಳಿ. ನೀವೇ ಟೀಚರ್, ಪಠ್ಯವನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಒಂದೇ ದಿನ ಓದಿಸಲ್ಲ ಅಲ್ವಾ?

ಹಾಗಾದರೆ ಹೇಗೆ? ಭಾನುವಾರ ಕಾಫಿ ಕುಡಿಯುತ್ತಾ ಕೂತು ಇಡೀ ವಿಡಿಯೊ ಒಂದು ಸಲ ಸುಮ್ನೆ ನೋಡಿ. ಮಾಡಬೇಡಿ, ನೋಡಿ. ಕೈ ಊರುವಂಥವು, ತಲೆ ಕೆಳಗಾಗುವಂಥವು, ಹಾರಿ ಹಿಂದೆ ಹೋಗುವಂಥವು ಎಲ್ಲೆಲ್ಲಿ ಬರುತ್ತವೆ ಅಂತ ಗೊತ್ತಾಗುತ್ತೆ. ಅವನ್ನು ಬಿಟ್ಟು ನಾಲ್ಕೈದು ಆಸನ ಆರಿಸಿ, ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಒಂದು ಆಸನದ ಭಾಗ ಮಾತ್ರ ಹಾಕಿ, ನೋಡಿ, ನಿಲ್ಲಿಸಿ, ಫೋನು ಬೋರಲು ಹಾಕಿ, ಆಮೇಲೆ ಮಾಡಿ. ವಾರ ಕಳೆಯೋ ಹೊತ್ತಿಗೆ ಚೀಟಿ ಸಾಕಾಗುತ್ತೆ, ಫೋನು ಬೇಡ.

ಫೋನು ಇಡುವ ಜಾಗದ ಬಗ್ಗೆ ಯಾರೂ ಮಾತಾಡಲ್ಲ, ನಾನು ಸ್ವಲ್ಪ ಮಾತಾಡಬೇಕು. ಹೆಚ್ಚಿನವರು ಫೋನನ್ನು ನೆಲದ ಮೇಲೆ ನೀರಿನ ಚೊಂಬಿಗೋ ಡಬ್ಬಿಗೋ ಒರಗಿಸಿ ಇಡುತ್ತಾರೆ. ನಿಂತು ಮಾಡುವಾಗ ಅದನ್ನು ನೋಡೋಕೆ ಕತ್ತು ಬಗ್ಗಿಸಬೇಕು. ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನದಲ್ಲಿ ಫೋನು ಒಂದು ಪಕ್ಕಕ್ಕೆ ಇದ್ದರೆ ಕತ್ತು ತಿರುಚಬೇಕು. ತ್ರಿಕೋನಾಸನದಲ್ಲಿ ಪಕ್ಕಕ್ಕೆ ಬಾಗಿದ ಸ್ಥಿತಿಯಲ್ಲೇ, ಆರು ಇಂಚಿನ ಪರದೆಯಲ್ಲಿ ಅವಳ ಅಂಗೈ ಯಾವ ಕಡೆ ತಿರುಗಿದೆ ಅಂತ ಕಣ್ಣು ಕಿರಿದು ಮಾಡಿಕೊಂಡು ನೋಡಬೇಕು. ಸೇತುಬಂಧಾಸನದಲ್ಲಂತೂ, ಬೆನ್ನ ಮೇಲೆ ಮಲಗಿ ಸೊಂಟ ಎತ್ತಿರುವಾಗ, ಕತ್ತು ತಿರುಗಿಸಿ ನೋಡಲೇಬಾರದು, ಆಗ ಭಾರ ಭುಜದ ಜೊತೆಗೆ ಕತ್ತಿನ ಮೇಲೂ ಇರುತ್ತೆ. ಯೋಗ ಮಾಡಿ ಕತ್ತು ನೋವು ಬಂತು ಅನ್ನುವವರಿಗೆ ನಾನು ಮೊದಲು ಕೇಳೋದೇ ಫೋನು ಎಲ್ಲಿಟ್ಟಿದ್ರಿ ಅಂತ. ಟಿವಿಗೆ ಹಾಕೋಕೆ ಬಂದರೆ ಒಳ್ಳೇದು. ಇನ್ನೂ ಒಳ್ಳೇದು, ಆಸನದಲ್ಲಿ ಇರುವಾಗ ನೋಡದೇ ಇರೋದು.

ಉಸಿರಿಗೆ ಒಂದು ಸುಲಭದ ಪರೀಕ್ಷೆ ಇದೆ. ಮೂಗಿನಲ್ಲಿ ಆರಾಮವಾಗಿ ಉಸಿರಾಡೋಕೆ ಆಗುವವರೆಗೆ ಸರಿ. ಬಾಯಿ ತೆರೆಯಿತೋ, ಇಲ್ಲ ಉಸಿರು ಅಲ್ಲೇ ನಿಂತಿತೋ, ಅಲ್ಲಿಗೆ ಆಸನದಿಂದ ಹೊರಗೆ ಬನ್ನಿ. ವಿಡಿಯೊದಲ್ಲಿ ಇನ್ನೂ ಎಣಿಸುತ್ತಿದ್ದರೂ ಸರಿಯೇ. ಎತ್ತುವಾಗ, ಹಿಗ್ಗುವಾಗ ಉಸಿರು ಒಳಗೆ. ಬಗ್ಗುವಾಗ, ತಿರುಗುವಾಗ ಹೊರಗೆ. ಇಷ್ಟು ನೆನಪಿದ್ದರೆ ಸಾಕು. ಅದು ತಪ್ಪಿದರೂ ಪ್ರಪಂಚ ಮುಳುಗಲ್ಲ, ಹಿಡಿದಿಡಬೇಡಿ ಅಷ್ಟೇ.

ನಿಮ್ಮ ಬಿಪಿ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಉಸಿರು ಬಿಗಿ ಹಿಡಿದು ಮೈ ಬಿಗಿ ಮಾಡಿದರೆ ಒತ್ತಡ ಆ ಕ್ಷಣಕ್ಕೆ ಏರುತ್ತೆ. ಅದಕ್ಕೇ ಕೈ ಊರಿ ಮೈಯನ್ನು ಹಲಗೆ ಥರ ನೇರ ಹಿಡಿಯುವ ಪ್ಲ್ಯಾಂಕ್ ಥರದವು, ಉಸಿರು ತಡೆಹಿಡಿಯುವ ಕುಂಭಕ, ರಭಸವಾಗಿ ಉಸಿರಾಡುವ ಜೋರಾದ ಕಪಾಲಭಾತಿ, ಭಸ್ತ್ರಿಕ ಬೇಡ. ಸರ್ವಾಂಗಾಸನ, ಹಲಾಸನ, ಶೀರ್ಷಾಸನ ವಿಡಿಯೊ ನೋಡಿಕೊಂಡು ಯಾವ ಕಾಲಕ್ಕೂ ಬೇಡ, ಬಿಪಿ ಇಲ್ಲದವರಿಗೂ ಇದೇ ಮಾತು. ಕಣ್ಣಿನ ಒತ್ತಡ, ಅಂದರೆ ಗ್ಲಾಕೋಮಾ ಇರುವವರಿಗೆ ತಲೆ ಕೆಳಗೆ ಮಾಡುವ ಆಸನ ಒಂದೂ ಆಗಲ್ಲ. ಬಿಪಿ ಮಾತ್ರೆ ತಗೊಳ್ಳುವ ಕೆಲವರಿಗೆ ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತೆ, ಹಾಗಾಗಿ ಮಲಗಿದಲ್ಲಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಕೂತು, ಎರಡು ಉಸಿರು ತಗೊಂಡು ಆಮೇಲೆ ಎದ್ದು ನಿಲ್ಲಿ. ಡಾಕ್ಟರಿಗೆ ಮುಂದಿನ ಸಲ ಹೋದಾಗ ಯೋಗ ಶುರು ಮಾಡಿದ್ದೀನಿ ಅಂತ ಹೇಳಿ. ಆರು ವಾರ ಯೋಗ ಮಾಡಿದೆ, ಮಾತ್ರೆ ಬಿಟ್ಟೆ ಅನ್ನುವವರು ಸಿಗುತ್ತಾರೆ. ನೀವು ಹಾಗೆ ಮಾಡಬೇಡಿ, ಮಾತ್ರೆ ಕಮ್ಮಿ ಮಾಡೋದು ಬಿಡೋದು ಡಾಕ್ಟರ ಕೆಲಸ.

ಕೈ ಮಂಡಿಯಿಂದ ಕೆಳಗೆ ಹೋಗಲ್ಲ ಅಂದಿರಿ. ಹೋಗಬೇಕು ಅಂತ ಯಾರು ಹೇಳಿದ್ದು? ಪಾದ ಮುಟ್ಟೋದು ಗುರಿಯಲ್ಲ. ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಹೊಸಬರು ಬೆನ್ನು ಬಗ್ಗಿಸಿ, ತಲೆಯನ್ನು ಮಂಡಿ ಕಡೆಗೆ ಎಳೆದು, ಇನ್ನೇನು ಮುಟ್ಟಿದೆ ಅಂತ ಖುಷಿ ಪಡುತ್ತಾರೆ, ಸೊಂಟ ಮಾತ್ರ ಇದ್ದಲ್ಲೇ ಇರುತ್ತೆ. ನೀವು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂರಿ. ಮನೆಯಲ್ಲಿ ಊಟದ ಮಣೆ ಇದ್ದರೆ ಅದರ ಮೇಲೊಂದು ಟವೆಲ್ ಹಾಕಿ ಕೂತರೂ ಆಯ್ತು. ಸೊಂಟ ಸ್ವಲ್ಪ ಎತ್ತರಕ್ಕೆ ಬಂದ ತಕ್ಷಣ ಬೆನ್ನು ತಾನೇ ನೇರವಾಗುತ್ತೆ, ನೋಡಿ ಬೇಕಾದರೆ. ಹಳೇ ವೇಲ್ ಅಥವಾ ಪಂಚೆಯನ್ನು ಎರಡೂ ಪಾದದ ಸುತ್ತ ಹಾಕಿ ತುದಿ ಹಿಡಿದುಕೊಳ್ಳಿ, ಮಂಡಿ ಸಡಿಲ ಬಿಡಿ, ಹೊಕ್ಕಳು ತೊಡೆ ಕಡೆಗೆ ಹೋಗಲಿ, ತಲೆ ಅಲ್ಲ. ಇಷ್ಟೇ ಆಸನ.

ಅದೇ ಮಣೆ ತ್ರಿಕೋನಾಸನಕ್ಕೂ ಬರುತ್ತೆ ಅಂದುಕೊಳ್ಳಬೇಡಿ, ಅದು ತೀರಾ ಕುಳ್ಳು. ಅಲ್ಲಿ ಸ್ಟೂಲ್ ಅಥವಾ ಕುರ್ಚಿಯ ಸೀಟಿನ ಮೇಲೆ ಕೈ ಇಡಿ. ಇಂಥ ಆಧಾರಗಳನ್ನು ಬಳಸೋದು ಕೈಲಾಗದವರ ಕೆಲಸ ಅಂತ ಒಂದು ಅಭಿಪ್ರಾಯ ನಮ್ಮಲ್ಲಿ ಇದೆ. ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ನಿತ್ರಾಣವಾಗಿದ್ದ ಹುಡುಗ. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಹತ್ತಿರ ಮೈಸೂರಿಗೆ ಬಂದು ಕಲಿತು, 1937ರಲ್ಲಿ ಪುಣೆಗೆ ಹೋದರು. ಮರದ ಇಟ್ಟಿಗೆ, ಬೆಲ್ಟು, ಹಗ್ಗ, ಕುರ್ಚಿ, ಕಂಬಳಿ ಇವನ್ನೆಲ್ಲ ಆಸನಕ್ಕೆ ತಂದು ವಯಸ್ಸಾದವರಿಗೆ, ಕಾಯಿಲೆಯವರಿಗೆ ಕಲಿಸಿ ಪ್ರಪಂಚಕ್ಕೆಲ್ಲ ಗೊತ್ತಾದರು. ನಿಮ್ಮ ಮನೆಯ ಕುರ್ಚಿಗೆ ಅಷ್ಟು ದೊಡ್ಡ ವಂಶಾವಳಿ ಇದೆ, ಸಂಕೋಚ ಬೇಡ.

ಚಿಲ್ಲರೆ ವಿಷಯಗಳು. ಟೈಲ್ಸ್ ನೆಲದ ಮೇಲೆ ಚಾಪೆ, ಜಮಖಾನ ಎರಡೂ ಜಾರುತ್ತವೆ. ನಿಂತು ಮಾಡುವುದಕ್ಕೆ ಬರೀ ನೆಲ, ಬರಿಗಾಲೇ ವಾಸಿ. ತೆಳು ರಬ್ಬರಿನ ಮ್ಯಾಟ್ ಸಾಕು, ಮೆತ್ತಗಿರಲಿ ಅಂತ ಹಾಸಿಗೆ ಥರ ದಪ್ಪದ್ದು ತಂದರೆ ಒಂಟಿ ಕಾಲಿನಲ್ಲಿ ನಿಂತಾಗ ಅಲುಗಾಡುತ್ತೆ. ಮಂಚದ ಮೇಲೆ ಬೇಡ. ನೈಟಿಯಲ್ಲೂ ಬೇಡ, ಮಂಡಿ ಎಲ್ಲಿದೆ ಅಂತ ನಿಮಗೇ ಕಾಣಲ್ಲ, ಕಾಲಿಗೆ ಬೇರೆ ತೊಡರುತ್ತೆ. ಬೆಳಿಗ್ಗೆ ಆಗದಿದ್ದರೆ ಸ್ಕೂಲಿನಿಂದ ಬಂದ ಮೇಲೆ ಸಂಜೆ ಮಾಡಿ, ಸಂಜೆ ಮೈ ಇನ್ನೂ ಚೆನ್ನಾಗಿ ಬಗ್ಗುತ್ತೆ. ಮಂಡ್ಯದವರು, ಮಧ್ಯಾಹ್ನ ಮುದ್ದೆ ಊಟ ಆಗಿದ್ದರೆ ಮೂರು ನಾಲ್ಕು ಗಂಟೆ ಬಿಟ್ಟೇ ಮಾಡಿ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಸಾಕು. ಡಿಸೆಂಬರ್ ಜನವರಿಯ ಚಳಿಯಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಬಗ್ಗಬೇಡಿ, ಮನೆಯೊಳಗೇ ಹತ್ತು ನಿಮಿಷ ಓಡಾಡಿ, ಭುಜ ಕತ್ತು ಸಡಿಲ ಮಾಡಿ ಆಮೇಲೆ.

ಬೇರೆ ವಿಡಿಯೊ ಬೇಕು ಅಂದರೆ ನನ್ನ ಸಲಹೆ, ಕೇಂದ್ರದ ಆಯುಷ್ ಸಚಿವಾಲಯದ ಕಾಮನ್ ಯೋಗ ಪ್ರೋಟೊಕಾಲ್. 45 ನಿಮಿಷದ್ದು, ದುಡ್ಡು ಕೊಡಬೇಕಾಗಿಲ್ಲ. 2022ರ ಜೂನ್ 21ಕ್ಕೆ ಪ್ರಧಾನಿ ಮೈಸೂರು ಅರಮನೆ ಅಂಗಳಕ್ಕೆ ಬಂದಾಗ ಸಾವಿರಾರು ಜನ ಕೂತು ಮಾಡಿದ್ದು ಇದನ್ನೇ. ನೋಡೋಕೆ ಸಪ್ಪೆ, ಸಂಗೀತ ಇಲ್ಲ, ಕಡಲ ತೀರ ಇಲ್ಲ, ಒಪ್ಪುತ್ತೇನೆ. ಆದರೆ ಜೋಡಿಸಿದವರಿಗೆ ಜನಸಾಮಾನ್ಯರ ಮೈ ಗೊತ್ತಿದೆ. ಶುರುವಿನಲ್ಲಿ ಕತ್ತು, ಭುಜ, ಸೊಂಟ, ಮಂಡಿ ಸಡಿಲಿಸುವ ಚಾಲನ ಕ್ರಿಯೆ ಇದೆ. ಆಮೇಲೆ ನೇರ ನಿಂತು ಕೈ ಮೇಲೆತ್ತುವ ತಾಡಾಸನ, ಒಂಟಿ ಕಾಲಿನ ವೃಕ್ಷಾಸನ, ತ್ರಿಕೋನಾಸನ ಅಂತ ನಿಂತು ಮಾಡುವವು, ಕೂತು ಮಾಡುವವು, ಬೋರಲು ಮಲಗಿ, ಅಂಗಾತ ಮಲಗಿ, ಒಂದಾದ ಮೇಲೊಂದು. ಗಮನಿಸಿ, ಅದರಲ್ಲಿ ಸೂರ್ಯ ನಮಸ್ಕಾರವೂ ಇಲ್ಲ, ಅಧೋಮುಖ ಶ್ವಾನಾಸನವೂ ಇಲ್ಲ. ಅಂಗೈ ಊರಿ ಇಡೀ ಮೈ ಎತ್ತುವ ಕೆಲಸವೇ ಇಲ್ಲ. ನಿಮಗೆ ಬೇಕಾಗಿರೋದೂ ಅದೇ. ಅದರಲ್ಲೂ ಕಪಾಲಭಾತಿ ಬಿಡಿ, ನಿಂತು ಪಾದದ ಕಡೆಗೆ ಬಗ್ಗುವ ಪಾದಹಸ್ತಾಸನಕ್ಕೆ ಬದಲು ಅಡುಗೆಮನೆ ಕಟ್ಟೆ, ಮಂಡಿಯೂರಿ ಹಿಂದಕ್ಕೆ ಬಾಗುವ ಉಷ್ಟ್ರಾಸನ ಸದ್ಯಕ್ಕೆ ಬೇಡ. ಕಾಲು ಮಡಿಸಿ ಹಿಮ್ಮಡಿ ಮೇಲೆ ಕೂರುವ ವಜ್ರಾಸನದಲ್ಲಿ ಮಂಡಿ ಹಿಡಿದರೆ ತೊಡೆ ಮೀನಖಂಡದ ನಡುವೆ ಮಡಿಸಿದ ಟವೆಲ್ ಇಡಿ, ಆದರೂ ನೋವಾದರೆ ಕುರ್ಚಿಯಲ್ಲೇ ಕೂರಿ.

ಶವಾಸನದ ಬಗ್ಗೆ ಒಂದು ಮಾತು. ವಿಡಿಯೊಗಳಲ್ಲಿ ಕೊನೆಗೆ ಒಂದು ನಿಮಿಷ ಮಲಗಿಸಿ, ಥ್ಯಾಂಕ್ಯೂ, ಲೈಕ್ ಮಾಡಿ ಅಂತ ಎಬ್ಬಿಸುತ್ತಾರೆ, ಹಿಂದೆಯೇ ಯಾವುದೋ ಜಾಹೀರಾತು ಕಿರುಚುತ್ತೆ. ನೀವು ಫೋನು ಸೈಲೆಂಟ್ ಮಾಡಿ ಐದು ನಿಮಿಷ ಪೂರ್ತಿ ಮಲಗಿ. ಸೊಂಟ ಎದ್ದ ಹಾಗೆ ಅನ್ನಿಸಿದರೆ ಮಂಡಿ ಕೆಳಗೆ ದಿಂಬು. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನೀವು ಸುಮ್ನೆ ಮಲಗಿದ್ದೀರಿ ಅಂತ ಕುಕ್ಕರ್ ಎಷ್ಟು ವಿಸಿಲ್ ಅಂತ ಕೇಳೋಕೆ ಬರುತ್ತಾರೆ.

ತೂಕದ ವಿಷಯ ನೇರವಾಗಿ ಹೇಳುತ್ತೇನೆ. ಇಂಥ ನಿಧಾನದ ಅರ್ಧ ಗಂಟೆ ಯೋಗಕ್ಕೆ ಖರ್ಚಾಗುವ ಶಕ್ತಿ ಸಾವಕಾಶವಾಗಿ ನಡೆದಷ್ಟೇ. ಅದೊಂದರಿಂದಲೇ ತೂಕ ಇಳಿಯಲ್ಲ. ಬಿರುಸಾಗಿ ನಡೆಯಿರಿ, ತಟ್ಟೆ ಕಡೆ ಗಮನ ಇಡಿ. ಯೋಗದಿಂದ ನಿಮಗೆ ಮೊದಲು ಗೊತ್ತಾಗುವ ಲಾಭ ಬೇರೆ: ಬೋರ್ಡಿನ ಮೇಲ್ಭಾಗದಲ್ಲಿ ಬರೆಯುವಾಗ ಭುಜ ಹಿಡಿಯಲ್ಲ, ಕೊನೇ ಪೀರಿಯಡ್ ಹೊತ್ತಿಗೆ ಸೊಂಟ ಅಷ್ಟು ದಣಿಯಲ್ಲ, ನೆಲದ ಮೇಲೆ ಕೂತು ಏಳೋದು ಹಗುರವಾಗುತ್ತೆ. ಏಳು ದಿನದಲ್ಲಿ ಹೊಟ್ಟೆ ಮಾಯ ಅಂತ ಹೆಸರಿರುವ ವಿಡಿಯೊ ಮಗಳು ಕಳಿಸಿದರೆ ಅವಳಿಗೇ ವಾಪಸ್ ಕಳಿಸಿ.

ಕ್ಲಾಸ್ ಬೇಕಾ? ಕೆಲವು ದಿನಕ್ಕಾದರೂ ಹೋಗಿ ಬನ್ನಿ ಅನ್ನುತ್ತೇನೆ. ಅದಕ್ಕಾಗಿ ಮೈಸೂರಿಗೆ ಬಸ್ಸು ಹತ್ತಬೇಕಾಗಿಲ್ಲ, ವಿದೇಶಿಯರಿಗೆ ಅಂತ ನಡೆಸುವ ತಿಂಗಳ ಕೋರ್ಸು ನಿಮಗೆ ಬೇಡವೂ ಬೇಡ. ಮಂಡ್ಯದಲ್ಲೇ ಪಾರ್ಕಿನಲ್ಲೋ ಸಮುದಾಯ ಭವನದಲ್ಲೋ ಬೆಳಗಿನ ಬ್ಯಾಚ್ ನಡೆಸುವವರು ಇರುತ್ತಾರೆ. ಮೊದಲ ದಿನ ಸುಮ್ನೆ ಹೋಗಿ ಕೂತು ನೋಡಿ. ಬಿಪಿ ಶುಗರ್ ಇದೆಯಾ, ಆಪರೇಷನ್ ಆಗಿದೆಯಾ ಅಂತ ಕೇಳುವವರಾದರೆ ಸೇರಿ. ಹಿಂದಿನ ಸಾಲಿನಲ್ಲಿರುವ ವಯಸ್ಸಾದವರ ಹತ್ತಿರ ಬಂದು ನಿಲ್ಲುತ್ತಾರಾ, ಇಲ್ಲ ಮುಂದೆ ಚೆನ್ನಾಗಿ ಬಗ್ಗುವ ಹುಡುಗರಿಗೆ ಮಾತ್ರ ಭೇಷ್ ಅನ್ನುತ್ತಾರಾ ಅಂತ ನೋಡಿ. ಬೆನ್ನ ಮೇಲೆ ಕೈ ಇಟ್ಟು ಒತ್ತಿ ಬಗ್ಗಿಸುವವರ ಹತ್ತಿರ ನಿಲ್ಲಲೇಬೇಡಿ, ಎಷ್ಟು ಹೆಸರು ಮಾಡಿದ್ದರೂ. ಒಂದೆರಡು ತಿಂಗಳು ಯಾರಾದರೂ ಕಣ್ಣಿಟ್ಟು ತಿದ್ದಿದರೆ, ಆಮೇಲೆ ಮನೆಯಲ್ಲಿ ವಿಡಿಯೊ ಇದ್ದರೂ ಇಲ್ಲದಿದ್ದರೂ ನಡೆಯುತ್ತೆ. ಯಜಮಾನರನ್ನೂ ಕರೆದುಕೊಂಡು ಹೋಗಿ, ಗುರು ಬೇಕು ಅಂದವರು ಅವರೇ ತಾನೆ.

ನಾಳೆಯಿಂದ ಹೀಗೆ ಮಾಡಿ. ಚಾಲನ ಕ್ರಿಯೆ, ತಾಡಾಸನ, ಅಡುಗೆಮನೆ ಕಟ್ಟೆಯ ಆಸನ, ಗೋಡೆ ಪಕ್ಕ ನಿಂತು ವೃಕ್ಷಾಸನ (ಪಾದವನ್ನು ಮಂಡಿಗೆ ಒತ್ತಬೇಡಿ, ಅದಕ್ಕಿಂತ ಕೆಳಗೆ ಮೀನಖಂಡದ ಮೇಲಿಡಿ), ಮೊಣಕೈ ನೆಲದ ಮೇಲೇ ಇಟ್ಟು ಭುಜಂಗಾಸನ, ಶವಾಸನ. ಇಪ್ಪತ್ತು ನಿಮಿಷ ಸಾಕು, ವಾರಕ್ಕೆ ನಾಲ್ಕೈದು ದಿನ ಆದರೆ ಸಾಕು. ಮೂರು ನಾಲ್ಕು ವಾರ ಆದ ಮೇಲೆ ಕೈಯನ್ನು ಕಟ್ಟೆಯಿಂದ ಕುರ್ಚಿಯ ಸೀಟಿಗೆ ಇಳಿಸಿ. ಕುರ್ಚಿ ಗೋಡೆಗೆ ಆನಿಸಿರಬೇಕು, ಪ್ಲಾಸ್ಟಿಕ್ಕಿನದು ಬೇಡ, ಜಾರುತ್ತೆ. ಅಲ್ಲಿ ತಲೆ ಎದೆಗಿಂತ ಸ್ವಲ್ಪ ಕೆಳಗೆ ಬರುತ್ತೆ, ಹಾಗಾಗಿ ಬಿಪಿ ಹತೋಟಿಯಲ್ಲಿದೆ ಅಂತ ಡಾಕ್ಟರು ಹೇಳಿದ ಮೇಲೆಯೇ ಈ ಹೆಜ್ಜೆ. ಮಣಿಕಟ್ಟು ಏನೂ ಅನ್ನದಿದ್ದರೆ ಅದಾದ ಮೇಲೆ ನೆಲ, ಅದೂ ಮಂಡಿ ಬಗ್ಗಿಸಿಕೊಂಡೇ. ಇಷ್ಟೆಲ್ಲ ಹಗುರ ಮಾಡಿದ ಮೇಲೂ, ಸೀಮೆಸುಣ್ಣ ಹಿಡಿದು ಬರೆಯುವಾಗಲೋ ಬಟ್ಟೆ ಹಿಂಡುವಾಗಲೋ ಮಣಿಕಟ್ಟು ನೋಯುತ್ತಲೇ ಇದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ, ಅದು ವಿಡಿಯೊದಿಂದ ಬಂದ ನೋವಲ್ಲ, ಮೊದಲೇ ಇದ್ದದ್ದು ಈಗ ಗೊತ್ತಾಗಿದೆ ಅಂತ ಇರಬಹುದು. ಆಗ ಮೂಳೆ ಡಾಕ್ಟರಿಗೆ ತೋರಿಸಿ.